ತವರಿನಿಂದ ಬಂದ ತವರದ ಚೊಂಬು

ಹಳೆಯ ಕಾಲದ ಅಯ್ಯಂಗಾರರ ಮನೆಯಲ್ಲಿ ಪಾಲು ಆಯಿತೆಂದರೆ ಗದ್ದೆ, ತೆಂಗಿನ ತೋಟ, ಮನೆಯ ಅಂಕಣಗಳು ಗಂಡುಮಕ್ಕಳಿಗೆ ಹಂಚಿಹೋಗುತ್ತಿದ್ದವು. ದೇವರ ಪೆಟ್ಟಿಗೆ, ಅದರೊಳಗಿನ ಸಾಲಿಗ್ರಾಮ ಸಾಮಾನ್ಯವಾಗಿ ಹಿರಿಯ ಮಗನ ಪಾಲಿಗೆ. ಇವಕ್ಕೆಲ್ಲ ಪತ್ರವಿರುತ್ತಿತ್ತು, ಇಲ್ಲದಿದ್ದರೆ ನಾಲ್ಕು ಜನರ ಸಾಕ್ಷಿಯಾದರೂ ಇರುತ್ತಿತ್ತು. ಯಾವ ಪತ್ರಕ್ಕೂ ಸಿಗದೆ, ಮದುಮಗಳ ಪೆಟ್ಟಿಗೆಯಲ್ಲಿ ಸೀರೆಗಳ ಮಡಿಕೆಯ ನಡುವೆ ಕುಳಿತು ಮನೆ ದಾಟುತ್ತಿದ್ದುದು ಒಂದು ಚೊಂಬು. ನೋಡಲು ಬೆಳ್ಳಿಯ ಹಾಗಿದ್ದರೂ ಬೆಳ್ಳಿಯಲ್ಲ, ಅಚ್ಚ ತವರ. ಮನೆಯವರು ಅದನ್ನು ಈಯಚೊಂಬು ಎನ್ನುತ್ತಾರೆ. ಅದರಲ್ಲಿ ಕುದಿಯುವುದು ಸಾತ್ತುಮದು, ಅಂದರೆ ನಮ್ಮ ನಿಮ್ಮ ತಿಳಿಸಾರು.

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಈ ಮನೆಗಳವರನ್ನು ನಿಮ್ಮ ಮೂಲ ಯಾವುದು ಎಂದು ಕೇಳಿ ನೋಡಿ. ಗಂಡಸರು ರಾಮಾನುಜಾಚಾರ್ಯರಿಂದ ಶುರುಮಾಡಿ ವಿಷ್ಣುವರ್ಧನನಿಗೆ ಬಂದು, ಅಲ್ಲಿಂದ ತಮ್ಮ ತಾತನಿಗೆ ನೇರ ಜಿಗಿಯುತ್ತಾರೆ. ನಡುವಿನ ಏಳೆಂಟು ನೂರು ವರ್ಷ ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಹೆಂಗಸರನ್ನು ಕೇಳಿದರೆ ಅಷ್ಟು ದೂರ ಹೋಗುವುದಿಲ್ಲ. ಅಜ್ಜಿ ಯಾವ ಊರಿನವರು, ಅಜ್ಜಿಯ ತಾಯಿ ಯಾವ ಊರಿನವರು, ಈ ಪಾತ್ರೆ ಯಾರು ಯಾರಿಗೆ ಕೊಟ್ಟದ್ದು ಎಂದು ಎಣಿಸುತ್ತಾರೆ. ನಾಲ್ಕು ತಲೆಮಾರಿಗೆ ಲೆಕ್ಕ ನಿಂತುಬಿಡುತ್ತದೆ, ನಿಜ. ಆದರೆ ಹೇಳಿದಷ್ಟು ಗಟ್ಟಿ. ವಲಸೆಯ ನೆನಪು ಬದುಕಿ ಉಳಿದಿರುವುದು ದೇವರ ಪೆಟ್ಟಿಗೆಯಲ್ಲಿ ಅಲ್ಲ, ಒಲೆಯ ಮೇಲೆ ಎಂದು ನನಗೆ ಅನ್ನಿಸಿರುವುದು ಅದಕ್ಕೇ.

ಗುಬ್ಬಿ ತಾಲ್ಲೂಕಿನ ಕಡಬ, ತಿಪಟೂರು ತಾಲ್ಲೂಕಿನ ನೊಣವಿನಕೆರೆ, ನಾಗಮಂಗಲದ ಬಿಂಡಿಗನವಿಲೆ, ಚನ್ನರಾಯಪಟ್ಟಣದ ನುಗ್ಗೇಹಳ್ಳಿ, ಹಾಸನದ ಶಾಂತಿಗ್ರಾಮ: ಹೆಬ್ಬಾರ್ ಅಯ್ಯಂಗಾರರ ಹಳೆಯ ನೆಲೆಗಳ ಮಾತು ಬಂದಾಗ ಬಾಯಿಗೆ ಬರುವ ಊರುಗಳಿವು. ಕಡಬದಲ್ಲಿ ಶಿಂಷೆಗೆ ಏರಿ ಕಟ್ಟಿ ನಿಲ್ಲಿಸಿದ ದೊಡ್ಡ ಕೆರೆಯಿದೆ, ರಾಮನ ಗುಡಿಯಿದೆ. ಲಂಕೆಯಿಂದ ಮರಳುವಾಗ ರಾಮ ಇಲ್ಲಿ ತಂಗಿದ್ದ, ಕೆರೆ ಕಟ್ಟಿಸಿದ್ದೂ ಅವನೇ ಎಂದು ಊರ ಐತಿಹ್ಯ. ಇತಿಹಾಸ ಓದುವವರಿಗೆ ಕಡಬ ಇನ್ನೊಂದು ಕಾರಣಕ್ಕೆ ಗೊತ್ತು. ರಾಷ್ಟ್ರಕೂಟ ಮೂರನೆಯ ಗೋವಿಂದ ಜೈನಮುನಿ ಅರ್ಕಕೀರ್ತಿಗೆ ಹಳ್ಳಿಯೊಂದನ್ನು ದತ್ತಿ ಬಿಟ್ಟ, ಶಕ ವರ್ಷ 735ರ ತಾಮ್ರಪಟಗಳು ಸಿಕ್ಕಿದ್ದು ಇಲ್ಲೇ. ಶ್ರೀವೈಷ್ಣವರ ಕಥೆ ಶುರುವಾಗುವುದು ಅದಕ್ಕಿಂತ ಮುನ್ನೂರು ವರ್ಷ ಈಚೆಗೆ.

ಆ ಕಥೆ ಕನ್ನಡಿಗರಿಗೆ ಗೊತ್ತಿರುವುದೇ. ರಾಮಾನುಜರ ಕಾಲವನ್ನು ಸಂಪ್ರದಾಯ 1017ರಿಂದ 1137 ಎಂದು ಎಣಿಸುತ್ತದೆ. ಚೋಳರಾಜನ ಕಾಟಕ್ಕೆ ಶ್ರೀರಂಗ ಬಿಟ್ಟು ಕಾಡುದಾರಿ ಹಿಡಿದು ಅವರು ಹೊಯ್ಸಳ ಸೀಮೆಗೆ ಬಂದರು, ತೊಣ್ಣೂರಿನಲ್ಲಿ ಬಿಟ್ಟಿದೇವ ಶಿಷ್ಯನಾಗಿ ವಿಷ್ಣುವರ್ಧನನಾದ, ಮೇಲುಕೋಟೆಯಲ್ಲಿ ಚೆಲುವನಾರಾಯಣನ ಪೂಜೆ ನೆಲೆಗೊಂಡಿತು. ಬೇಲೂರಿನಲ್ಲಿ 1117ರಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾದದ್ದಕ್ಕೆ ಶಾಸನವೇ ಇದೆ. ಆಚಾರ್ಯರ ಹಿಂದೆ ಬಂದವರಿಗೆ ರಾಜ ಅಗ್ರಹಾರಗಳನ್ನು ಕೊಟ್ಟ, ಕಡಬವೂ ಅದರಲ್ಲೊಂದು ಎಂಬುದು ಮನೆಮಾತು.

ಜನ ನಡೆದುಬಂದದ್ದು ಮನೆಮಾತಿನಷ್ಟು ನೇರವಾಗಿ ಇದ್ದಿರಲಾರದು. ಒಂದೇ ಸಲ ಗಂಟುಮೂಟೆ ಕಟ್ಟಿಕೊಂಡು ಎಲ್ಲರೂ ಬಂದರೆಂದು ನಂಬುವುದು ಕಷ್ಟ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ವೀರಸೋಮೇಶ್ವರ ಶ್ರೀರಂಗದ ಪಕ್ಕದ ಕಣ್ಣನೂರಿನಲ್ಲೇ ಬೀಡು ಬಿಟ್ಟು ಆಳಿದ. ದೋರಸಮುದ್ರಕ್ಕೂ ಕಾವೇರಿಯ ಕೆಳಸೀಮೆಗೂ ಓಡಾಟ ಆಗ ದಿನನಿತ್ಯದ ಮಾತಾಗಿತ್ತು. ವಿಜಯನಗರದ ಕಾಲದಲ್ಲಿ ಅದು ಇನ್ನೂ ಹೆಚ್ಚಿತು. ಹೆಬ್ಬಾರರಲ್ಲಿ ಎಷ್ಟೋ ಜನ ಇಲ್ಲಿಯವರೇ, ದೀಕ್ಷೆಯ ಜೊತೆಗೆ ತಮಿಳನ್ನೂ ಮನೆಗೆ ತಂದುಕೊಂಡವರು ಎಂಬ ವಾದವೂ ಇದೆ. ನನಗೆ ಅದು ತಳ್ಳಿಹಾಕುವಂಥದ್ದು ಅನ್ನಿಸುವುದಿಲ್ಲ. ಹಾಗಿದ್ದರೆ ಕೆಲವು ಮನೆಗಳ ಮಟ್ಟಿಗೆ ಬಂದದ್ದು ಜನ ಅಲ್ಲ, ಅಡುಗೆ ಮತ್ತು ಮಾತು. ಇದರಿಂದ ಯಾರ ಕುಲಗೌರವಕ್ಕೂ ಕುಂದಿಲ್ಲ.

ಮಾತಿನ ವಿಚಾರ ಬಂದಾಗ ಎ.ಕೆ. ರಾಮಾನುಜನ್ ನೆನಪಾಗುತ್ತಾರೆ. 1929ರಲ್ಲಿ ಮೈಸೂರಿನ ಅಯ್ಯಂಗಾರರ ಮನೆಯಲ್ಲಿ ಹುಟ್ಟಿದ ಅವರು, ಮಹಡಿಯಲ್ಲಿ ತಂದೆಯೊಡನೆ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ತಾಯಿಯೊಡನೆ ತಮಿಳು, ಬೀದಿಯಲ್ಲಿ ಕನ್ನಡ ಎಂದು ತಮ್ಮ ಬಾಲ್ಯವನ್ನು ವಿವರಿಸುತ್ತಿದ್ದರು. ಮಾಸ್ತಿಯವರ ಮನೆಮಾತೂ ತಮಿಳೇ. ಕನ್ನಡಕ್ಕೆ ಅವರಿಂದ ಏನು ಸಂದಿತೆಂದು ಯಾರಿಗೂ ಹೇಳಬೇಕಾಗಿಲ್ಲ. ತುಮಕೂರಿನ ಮನೆಗಳಲ್ಲೂ ಇದೇ ವ್ಯವಸ್ಥೆ. ಹಜಾರ ದಾಟಿ ಹೊರಗೆ ಬಂದರೆ ಅಚ್ಚ ತುಮಕೂರು ಕನ್ನಡ. ದೇವರ ಮುಂದೆ ಹೇಳುವ ಆಳ್ವಾರರ ಪಾಶುರಗಳು ತಮಿಳಿನವು, ಪುಸ್ತಕದ ಲಿಪಿ ಮಾತ್ರ ಕನ್ನಡ. ತಮಿಳು ಅಕ್ಷರ ಓದಲು ಬಾರದ ಮೂರು ತಲೆಮಾರು ದಿವ್ಯಪ್ರಬಂಧವನ್ನು ಬಾಯಿಪಾಠ ಒಪ್ಪಿಸಿದ್ದು ಕನ್ನಡ ಅಚ್ಚಿನಿಂದ. ಒಳಗಿನ ತಮಿಳಂತೂ ಮದ್ರಾಸಿನವರಿಗೆ ಅರ್ಧಂಬರ್ಧ ಅರ್ಥವಾಗುವಷ್ಟು ಕನ್ನಡ ಬೆರೆತದ್ದು. ಆ ಭಾಷೆ ಇನ್ನೂ ಉಸಿರಾಡುತ್ತಿರುವುದು ಅಡುಗೆಮನೆಯಲ್ಲೇ, ಚೊಂಬು ಇರುವ ಜಾಗದಲ್ಲೇ.

ಚೊಂಬನ್ನು ಕೈಗೆ ತೆಗೆದುಕೊಂಡರೆ ಮೊದಲು ಗಮನಕ್ಕೆ ಬರುವುದು ಅದರ ಮೆತ್ತಗಿನ ಗುಣ. ಹೊಟ್ಟೆ ದುಂಡಗೆ, ಕಂಠ ಚಿಕ್ಕದು, ಅಂಚು ಹೊರಕ್ಕೆ ಮಡಿಚಿದ್ದು. ಮೈ ಕನ್ನಡಿಯಂತೆ ನುಣುಪಲ್ಲ. ತಟ್ಟಿ ಮಾಡಿದ್ದರಿಂದ ಸುತ್ತಿಗೆಯ ಸಣ್ಣ ಸಣ್ಣ ಏಟಿನ ಗುರುತು ಬೆರಳಿಗೆ ಹತ್ತುತ್ತದೆ. ಸ್ಟೀಲು ಪಾತ್ರೆಯ ಹಾಗೆ ಠಣ್ ಎನ್ನುವುದಿಲ್ಲ, ಮಂಕಾದ ಸದ್ದು. ಜೋರಾಗಿ ಅದುಮಿದರೆ ತಗ್ಗು ಬೀಳುತ್ತದೆ. ಹಳೆಯ ಚೊಂಬುಗಳ ಅಂಚು ಯಾವುದಾದರೂ ಒಂದು ಕಡೆ ಸ್ವಲ್ಪ ಸೊಟ್ಟಗಿರುತ್ತದೆ. ಅದು ಇಕ್ಕಳ ಹಿಡಿದು ಹಿಡಿದು ಆದದ್ದು. ತಯಾರಾಗುವ ಊರು ಎಂದು ಎಲ್ಲರೂ ಹೇಳುವುದು ಕುಂಭಕೋಣ.

ಇನ್ನು ಅದರ ಸ್ವಭಾವ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ತಾಮ್ರಕ್ಕೆ ಸಾವಿರ ದಾಟಬೇಕು, ಅಲ್ಯೂಮಿನಿಯಮ್ಮಿಗೆ 660 ಬೇಕು. ಗ್ಯಾಸ್ ಒಲೆಯ ಉರಿ ತವರ ಕರಗುವ ಶಾಖಕ್ಕಿಂತ ಎಷ್ಟೋ ಪಟ್ಟು ಬಿಸಿ. ಆದರೂ ಚೊಂಬಿನಲ್ಲಿ ಸಾರು ಕುದಿಯುತ್ತದೆ, ಚೊಂಬು ಹಾಗೇ ಇರುತ್ತದೆ. ಕಾರಣ ಸರಳ. ಒಳಗೆ ನೀರಿರುವ ತನಕ ನೀರು ನೂರು ಡಿಗ್ರಿಗಿಂತ ಮೇಲೆ ಏರದು. ತಳಕ್ಕೆ ಬಂದ ಶಾಖವನ್ನು ನೀರು ಆಗಿಂದಾಗಲೇ ಹೀರಿ ಆವಿ ಮಾಡಿ ಕಳಿಸುತ್ತಿರುತ್ತದೆ. ಲೋಹಕ್ಕೆ ಬಿಸಿ ಏರಲು ಬಿಡುವೇ ಇಲ್ಲ. ನೀರು ಇಂಗಿತೋ, ಇಲ್ಲ ಖಾಲಿ ಚೊಂಬನ್ನು ಉರಿಯ ಮೇಲೆ ಇಟ್ಟು ಫೋನ್ ಎತ್ತಿಕೊಳ್ಳಲು ಹೋದಿರೋ, ತಳ ಹಾಗೇ ಇಳಿದು ಬರ್ನರಿನ ಮೇಲೆ ಹರಿದುಹೋಗುತ್ತದೆ. ಹೊಸದಾಗಿ ಮನೆಗೆ ಬಂದ ಸೊಸೆ ಚೊಂಬು ಕರಗಿಸಿದ ಕಥೆ ಇಲ್ಲದ ಅಯ್ಯಂಗಾರರ ಮನೆ ಅಪರೂಪ. ಅತ್ತೆಯರು ತಾವು ಕರಗಿಸಿದ್ದನ್ನು ಮಾತ್ರ ಹೇಳುವುದಿಲ್ಲ, ಅಷ್ಟೇ.

ಅದಕ್ಕೇ ಅಡುಗೆಯ ಕ್ರಮವನ್ನೇ ಪಾತ್ರೆ ನಿರ್ಧರಿಸಿಬಿಟ್ಟಿದೆ. ಮೊದಲು ಹುಣಸೆ ರಸ, ಆಮೇಲೆ ಬೆಂಕಿ. ಉರಿ ತಳದ ಅಗಲಕ್ಕಿಂತ ಆಚೆ ಚಾಚಬಾರದು, ಪಕ್ಕಕ್ಕೆ ತಗುಲಿದರೆ ನೀರಿಲ್ಲದ ಭಾಗ ಕರಗುತ್ತದೆ. ಉಪ್ಪು, ಅರಿಶಿನ, ಇಂಗು, ಟೊಮೇಟೊ ಹಾಕುವುದಾದರೆ ಅದೂ ಬಿದ್ದು ಹಸಿ ವಾಸನೆ ಹೋಗುವ ತನಕ ಸಣ್ಣ ಉರಿ. ಆಮೇಲೆ ಸಾರಿನ ಪುಡಿ, ಬೇಳೆಯ ಕಟ್ಟು. ಇಲ್ಲಿಂದ ಮುಂದೆ ಒಲೆ ಬಿಟ್ಟು ಅಲ್ಲಾಡುವಂತಿಲ್ಲ. ಅಂಚಿನ ಸುತ್ತ ನೊರೆ ಕಟ್ಟಿ, ನಡುವೆ ಮಾತ್ರ ತಿಳಿ ಕಾಣುತ್ತಾ, ಚೊಂಬಿನ ಕಂಠಕ್ಕೆ ಏರುವಾಗ ಇಳಿಸಬೇಕು. ಮಳಮಳ ಕುದಿಸಿದರೆ ಅದು ಬೇರೆ ಸಾರು. ಒಗ್ಗರಣೆ ಇದರಲ್ಲಿ ಹಾಕುವ ಮಾತೇ ಇಲ್ಲ. ಸಾಸಿವೆ ಸಿಡಿಯುವಷ್ಟು ಕಾದ ತುಪ್ಪ ಬೇರೆ ಸೌಟಿನಲ್ಲೇ ತಯಾರಾಗಿ ಮೇಲಿಂದ ಬೀಳಬೇಕು. ತಿಕ್ಕುವುದಕ್ಕೆ ತೆಂಗಿನ ನಾರು, ಹುಣಸೆಹಣ್ಣಿನ ಚರಟ. ಸ್ಟೀಲಿನ ನಾರು ಮುಟ್ಟಿಸಿದರೆ ಚೊಂಬು ತೆಳ್ಳಗಾಗುತ್ತಾ ಹೋಗುತ್ತದೆ. ಇಷ್ಟೆಲ್ಲ ಕಟ್ಟುಪಾಡನ್ನು ಯಾರೂ ಬರೆದಿಟ್ಟಿಲ್ಲ. ‘ನೀರು ಹಾಕ್ದೆ ಒಲೆ ಹಚ್ಚಬೇಡ ಕಣೇ’ ಎಂದು ಬೆನ್ನ ಹಿಂದೆ ನಿಂತು ಹೇಳುವವರು ಇರುವ ತನಕ ಅದು ನಡೆಯುತ್ತದೆ.

ರುಚಿ ನಿಜವಾಗಿಯೂ ಬೇರೆಯೇ, ಅಥವಾ ಅಜ್ಜಿಯ ಮೇಲಿನ ಅಕ್ಕರೆಯೇ? ಎರಡೂ ಇರಬಹುದು. ಹುಳಿಯಲ್ಲಿ ತವರ ಅತಿ ಸ್ವಲ್ಪ ಕರಗುತ್ತದೆ. ಡಬ್ಬಿಯಲ್ಲಿ ಬರುವ ಅನಾನಸಿನಂಥ ತಿಳಿಬಣ್ಣದ ಹಣ್ಣುಗಳಿಗೆ ಒಳಗಡೆ ಲೇಪನವಿಲ್ಲದ ಬರಿಯ ತವರದ ಡಬ್ಬಿಯನ್ನೇ ಬಳಸುವ ಪದ್ಧತಿ ಉದ್ಯಮದಲ್ಲಿದೆ. ಕರಗಿದ ತವರ ಹಣ್ಣಿನ ಬಣ್ಣವನ್ನೂ ರುಚಿಯನ್ನೂ ಕಾಯುತ್ತದೆ ಎಂಬ ಕಾರಣಕ್ಕೆ. ಡಬ್ಬಿ ಆಹಾರದಲ್ಲಿ ಕಿಲೋಗೆ 250 ಮಿಲಿಗ್ರಾಂ ತವರದ ತನಕ ಅಂತಾರಾಷ್ಟ್ರೀಯ ಆಹಾರ ಮಾನದಂಡ ಒಪ್ಪುತ್ತದೆ. ಅಂದಮೇಲೆ ಚೊಂಬಿನ ಸಾರಿಗೆ ಒಂದು ಹದ ಇದೆ ಎನ್ನುವವರ ಮಾತನ್ನು ಬರೀ ಭ್ರಮೆ ಎನ್ನಲಾಗದು.

ತುಮಕೂರಿನ ಪರಿಚಿತರ ಮನೆಯಲ್ಲಿರುವ ಒಂದು ಚೊಂಬಿನ ದಾರಿ ಕೇಳಿ. ಹೆಸರು ಬೇಡ ಎಂದಿದ್ದಾರೆ. ಈಗಿನ ಯಜಮಾನಿತಿಯ ಮುತ್ತಜ್ಜಿ ಕಡಬದ ಹೆಣ್ಣುಮಗಳು, ಕೊಟ್ಟದ್ದು ಕುಣಿಗಲ್ಲಿಗೆ, ಅಮಲ್ದಾರರ ಕಚೇರಿಯ ಗುಮಾಸ್ತರಿಗೆ. ಅವರ ಮಗಳು ಗುಬ್ಬಿಗೆ, ಮೇಷ್ಟರ ಮನೆಗೆ. ಆಕೆಯ ಮಗಳು ತುಮಕೂರಿಗೆ. ಪ್ರತಿ ಮದುವೆಗೂ ಮನೆತನ ಬೇರೆ, ಗೋತ್ರ ಬೇರೆ, ಹೆಸರಿನ ಮುಂದಿನ ಇನಿಷಿಯಲ್ ಬೇರೆ. ವಂಶವೃಕ್ಷ ಬರೆಯುವವರು ಈ ನಾಲ್ಕು ಹೆಂಗಸರನ್ನು ನಾಲ್ಕು ಬೇರೆ ಬೇರೆ ಮರಗಳ ಕೊಂಬೆಗೆ ನೇತುಹಾಕುತ್ತಾರೆ. ಅವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಈ ಚೊಂಬು ಮಾತ್ರ. ಅಂಚಿನ ಒಳಮಗ್ಗುಲಿಗೆ ಸೂಜಿಯಲ್ಲಿ ಗೀಚಿದ ಹೆಸರಿತ್ತಂತೆ. ತಿಕ್ಕಿ ತಿಕ್ಕಿ ಈಗ ಉಳಿದಿರುವುದು ಕನ್ನಡದ ‘ಕಡ’ ಎಂಬ ಎರಡು ಅಕ್ಷರ. ತಳದಲ್ಲಿ ಒಂದು ಕಡೆ ಎಂದೋ ತೂತು ಬಿದ್ದು ಬೆಸುಗೆ ಹಾಕಿಸಿದ ಗಂಟಿದೆ. ಆ ಗಂಟಿನ ಮಾತಿಗೆ ಆಮೇಲೆ ಬರುತ್ತೇನೆ.

ಆ ಮನೆಯವರು ಚೊಂಬು ರಾಮಾನುಜರ ಕಾಲದ್ದು ಎಂದು ಹೇಳುವುದಿಲ್ಲ. ಹೇಳುವ ಮನೆಗಳಿವೆ, ನಂಬಬೇಡಿ. ದಿನಾ ಒಲೆಗೆ ಏರುವ, ದಿನಾ ತಿಕ್ಕಿಸಿಕೊಳ್ಳುವ ಮೆದು ಲೋಹ ಒಂಬೈನೂರು ವರ್ಷ ಬಾಳದು. ಮುತ್ತಜ್ಜಿಯ ಚೊಂಬು ಬಂದ ಬಗೆ ಹೆಚ್ಚು ಸ್ವಾರಸ್ಯದ್ದು. ಬೆಂಗಳೂರಿನಿಂದ ತುಮಕೂರಿನ ಮೂಲಕ ಗುಬ್ಬಿಯ ತನಕ ರೈಲು ಬಂದದ್ದು 1884ರಲ್ಲಿ. ಬೆಂಗಳೂರಿನಿಂದ ಜೋಲಾರಪೇಟೆಗೆ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ದಾರಿಯಾಗಿತ್ತು. ಕಡಬದವರು ಗಾಡಿ ಕಟ್ಟಿಸಿಕೊಂಡು ಗುಬ್ಬಿಗೆ ಬಂದರೆ ಅಲ್ಲಿಂದ ಶ್ರೀರಂಗಕ್ಕೆ ರೈಲಿನಲ್ಲೇ ಹೋಗಬಹುದಿತ್ತು. ಕಾಲ್ನಡಿಗೆಯಲ್ಲಿ ತಿಂಗಳು ಹಿಡಿಯುತ್ತಿದ್ದ ಯಾತ್ರೆ ಕೆಲವೇ ದಿನಕ್ಕೆ ಇಳಿಯಿತು. ಹೋದವರು ರಂಗನಾಥನ ದರ್ಶನ ಮಾಡಿ, ಕುಂಭಕೋಣಕ್ಕೂ ಹೋಗಿ, ಮದುವೆಗೆ ಬೆಳೆದು ನಿಂತ ಮಗಳಿಗೆಂದು ಪಾತ್ರೆ ಕೊಂಡುತಂದರು. ಬಿಟ್ಟು ಬಂದ ನಾಡಿಗೆ ಎಂಟು ನೂರು ವರ್ಷದ ಮೇಲೆ ಸಂತೆಗೆ ಹೋದ ಹಾಗೆ. ಈಗ ಅಮೆರಿಕದ ಮಕ್ಕಳು ರಜೆಗೆ ಬಂದು ಬಿ.ಎಚ್. ರಸ್ತೆಯಲ್ಲಿ ಕುಕ್ಕರು, ಪುಳಿಯೋಗರೆ ಗೊಜ್ಜು ತುಂಬಿಕೊಂಡು ಹೋಗುವುದನ್ನು ಕಂಡಾಗ ನನಗೆ ಆ ಮುತ್ತಜ್ಜಿಯ ತಾಯಿಯೇ ಕಾಣಿಸುತ್ತಾರೆ.

ಚೊಂಬು ಕುಂಭಕೋಣದ್ದಾದರೆ ತವರ ಎಲ್ಲಿಯದು? ನಮ್ಮ ದೇಶದಲ್ಲಿ ಬಸ್ತಾರದ ಕಡೆ ಸ್ವಲ್ಪ ಸಿಗುವುದು ಬಿಟ್ಟರೆ ಹೇಳಿಕೊಳ್ಳುವಂಥ ತವರದ ಗಣಿಗಳಿಲ್ಲ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಗ್ರೀಕ್ ನಾವಿಕನೊಬ್ಬ ಬರೆದಿಟ್ಟ ‘ಪೆರಿಪ್ಲಸ್’ ಎಂಬ ಕಡಲದಾರಿಯ ಕೈಪಿಡಿಯಲ್ಲಿ ಭರೂಚಿಗೂ ಕೇರಳದ ಮುಚಿರಿಗೂ ಹೊರಗಿನಿಂದ ಬಂದಿಳಿಯುವ ಸರಕಿನ ಪಟ್ಟಿಯಲ್ಲಿ ತವರವಿದೆ. ಆಮೇಲಿನ ಕಾಲಕ್ಕೆ ಮಲಯ ಪರ್ಯಾಯದ್ವೀಪವೇ ತವರದ ದೊಡ್ಡ ಕಣಜವಾಯಿತು. ಅಲ್ಲಿಯ ತವರ ಸೀಮೆಯ ತಕುವಾಪ ಈಗಿನ ಥಾಯ್ಲೆಂಡಿನಲ್ಲಿದೆ. ಒಂಬತ್ತನೆಯ ಶತಮಾನದ ತಮಿಳು ಶಾಸನವೊಂದು ಅಲ್ಲಿ ಸಿಕ್ಕಿದೆ, ತಮಿಳು ವರ್ತಕರ ಸಂಘವೊಂದರ ಹೆಸರೂ ಅದರಲ್ಲಿದೆ. ಸುಮಾತ್ರಾದ ಬಾರೂಸ್ ಎಂಬಲ್ಲಿ 1088ರ ಇನ್ನೊಂದು ತಮಿಳು ಶಾಸನ, ಹಾಕಿಸಿದವರು ಐನೂರ್ವರು. ಐನೂರ್ವರೆಂದರೆ ತಮ್ಮನ್ನು ಅಯ್ಯಾವೊಳೆಯ, ನಮ್ಮ ಐಹೊಳೆಯ, ಐನೂರು ಸ್ವಾಮಿಗಳೆಂದು ಕರೆದುಕೊಂಡ ವ್ಯಾಪಾರಿಗಳು. ರಾಮಾನುಜರು ಬದುಕಿದ್ದ ಕಾಲವದು. ಕನ್ನಡ ನಾಡಿನ ಹೆಸರು ಹೊತ್ತವರು ತವರದ ನಾಡಿನ ಕಡಲಲ್ಲಿ ಓಡಾಡುತ್ತಿದ್ದರು, ತಮಿಳು ನಾಡಿನವರು ಕನ್ನಡ ನಾಡಿಗೆ ನಡೆಯುತ್ತಿದ್ದರು. ಯಾರು ಮೂಲನಿವಾಸಿ, ಯಾರು ಬಂದವರು ಎಂಬ ಈಗಿನ ಜಗಳಕ್ಕೆ ಈ ಲೋಹ ಒಳ್ಳೆಯ ಮದ್ದು.

ಅಂದಹಾಗೆ ತವರ ಅಯ್ಯಂಗಾರರ ಸ್ವತ್ತೇನಲ್ಲ. ಹಿತ್ತಾಳೆ ತಾಮ್ರದ ಪಾತ್ರೆಯಲ್ಲಿ ಉಂಡ ಪ್ರತಿ ಮನೆಯೂ ತವರದಲ್ಲೇ ಉಂಡಿದೆ. ‘ಕಲಾಯ್’ ಎಂದು ಕೂಗುತ್ತಾ ಬೀದಿಗೆ ಬರುತ್ತಿದ್ದವರನ್ನು ಐವತ್ತು ದಾಟಿದವರೆಲ್ಲ ನೋಡಿದ್ದಾರೆ. ನೆಲದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಎರಚಿ, ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒಂದು ಸುತ್ತು ಎಳೆದರೆ ಕಪ್ಪಗಿದ್ದ ಪಾತ್ರೆಯ ಒಳಗೆ ಬೆಳ್ಳಿ ಹರಿದಂತಾಗುತ್ತಿತ್ತು. ಆ ಬಿಳಿ ಹೊಗೆಯ ಘಾಟು ಮೂಗಿನಲ್ಲಿ ಇನ್ನೂ ಇದೆ. ಕೆಲಸ ಹೆಚ್ಚಾಗಿ ಮುಸ್ಲಿಂ ಕುಟುಂಬಗಳದ್ದು. ಮಡಿಯ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದ ಅಗ್ರಹಾರದ ಹೆಂಗಸರು ಪಾತ್ರೆಗಳನ್ನೆಲ್ಲ ಹೊರಗೆ ತಂದು ಅವರ ಮುಂದಿಟ್ಟು ಚೌಕಾಸಿ ಮಾಡುತ್ತಿದ್ದರು. ಈಯಚೊಂಬಿನ ತೂತು ಮುಚ್ಚಿಸುವುದಕ್ಕೂ ಅವರೇ ಬೇಕಿತ್ತು.

ಕರಗಿಹೋದ ಚೊಂಬನ್ನು ಯಾರೂ ಎಸೆಯುತ್ತಿರಲಿಲ್ಲ. ಗಟ್ಟಿಯಾದ ಮುದ್ದೆಯನ್ನು ಒರೆಸಿ ಎತ್ತಿಟ್ಟು, ಮುಂದಿನ ಯಾತ್ರೆಯಲ್ಲಿ ಪಾತ್ರೆ ಅಂಗಡಿಗೆ ತೂಕಕ್ಕೆ ಕೊಟ್ಟು, ಸವಕಳಿ ಕಳೆದು ಕೂಲಿ ಸೇರಿಸಿ ಹೊಸದನ್ನು ತರುತ್ತಿದ್ದರು. ಅಂಗಡಿಯವನು ಕೊಡುವ ಚೊಂಬಿನಲ್ಲಿ ನಮ್ಮ ಮನೆಯ ಲೋಹವೇ ಇರುತ್ತದೆಂಬ ಖಾತರಿಯೇನೂ ಇಲ್ಲ. ಆದರೂ ಅದು ‘ಅಜ್ಜಿಯ ಚೊಂಬೇ’. ಒಡವೆಯ ವಿಷಯದಲ್ಲೂ ನಾವು ಹೀಗೇ ನಡೆದುಕೊಳ್ಳುತ್ತೇವೆ. ಅಜ್ಜಿಯ ಕಾಸಿನ ಸರ ಮುರಿಸಿ ಮಾಡಿಸಿದ ಬಳೆಯೂ ಅಜ್ಜಿಯದೇ.

ಹೆಣ್ಣುಮಕ್ಕಳಿಗೆ ಚೊಂಬೇ ಏಕೆ ಬಂತು ಎಂಬುದಕ್ಕೆ ಭಾವನೆಯ ಕಾರಣ ಹುಡುಕುವ ಮೊದಲು ಕಾನೂನನ್ನು ನೋಡಬೇಕು. ಪಿತ್ರಾರ್ಜಿತ ನೆಲದಲ್ಲಿ ಮಗಳಿಗೆ ಪಾಲಿರಲಿಲ್ಲ. ಅವಳದೆಂದು ಕೊಂಡೊಯ್ಯಬಹುದಾಗಿದ್ದುದು ಸ್ತ್ರೀಧನ ಮಾತ್ರ: ಒಡವೆ, ಸೀರೆ, ಪಾತ್ರೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳಿಗೆ ಕಾಯ್ದೆ ತಂದು ಕಾಲಕ್ಕೆ ಮುಂದಿತ್ತು. ಮಗಳಿಗೆ ಹುಟ್ಟಿನಿಂದಲೇ ಮಗನಷ್ಟು ಪಾಲು ಎಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ಮಾಡಿತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಅಲ್ಲಿಯ ತನಕ ಎಷ್ಟೋ ಮನೆಗಳಲ್ಲಿ ಹೆಣ್ಣಿನ ಕಡೆಯ ಚರಿತ್ರೆಯನ್ನು ಹೊತ್ತು ಸಾಗಲು ಪಾತ್ರೆಗಳಲ್ಲದೆ ಬೇರೆ ಗತಿ ಇರಲಿಲ್ಲ. ಪಾತ್ರೆಗೆ ಹೆಸರು ಹಾಕಿಸುವ ನಮ್ಮ ಪದ್ಧತಿಗೆ ಕಳ್ಳತನದ ಭಯವೊಂದೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ.

ತುಮಕೂರು ಜಿಲ್ಲೆಯಲ್ಲಿ ಹೀಗೆ ಬಂದು ನೆಲೆಸಿದವರು ಅಯ್ಯಂಗಾರರೊಬ್ಬರೇ ಅಲ್ಲ. ತೋಟಗಾರಿಕೆಯ ಕೈಗುಣ ಹೊತ್ತು ತಮಿಳು ಸೀಮೆಯಿಂದ ಬಂದವರೆಂದು ಹೇಳಿಕೊಳ್ಳುವ ತಿಗಳರಿದ್ದಾರೆ. 1687ರಲ್ಲಿ ಮೊಗಲರ ಸುಬಾ ಆದ ಶಿರಾದಲ್ಲಿ ಉರ್ದು ಬೇರೂರಿತು. ಪಾವಗಡದ ಮನೆಮನೆಯಲ್ಲಿ ತೆಲುಗಿದೆ. ಹಿಂಡು ಹೊಡೆದುಕೊಂಡು ಉತ್ತರದಿಂದ ಇಳಿದು ಬಂದ ಕಥೆಯನ್ನು ಕಾಡುಗೊಲ್ಲರು ಇಂದಿಗೂ ಹಾಡುತ್ತಾರೆ. ಇವರ ಮನೆಗಳಲ್ಲೂ ಕತ್ತಿಯೋ ಕೊಳಲೋ ಬೀಸುವ ಕಲ್ಲೋ ಒಂದು ಇದ್ದೇ ಇರುತ್ತದೆ. ಅವರವರ ಕಥೆಯನ್ನು ಅವರ ಮನೆಯವರೇ ಬರೆದರೆ ಚೆನ್ನ.

ನಮ್ಮ ಚೊಂಬು ಈಗ ಇನ್ನೊಂದು ವಲಸೆ ಹೊರಟಿದೆ. ತುಮಕೂರಿನ ಆ ಯಜಮಾನಿತಿಯ ಮಗಳು ಅಮೆರಿಕದ ಚಳಿಯೂರೊಂದರಲ್ಲಿದ್ದಾಳೆ. ಚೊಂಬು ಕೊಡುವುದೋ ಬೇಡವೋ ಎಂಬ ಚರ್ಚೆ ನಡೆದು ನಡೆದು ಒಲೆಯ ಪ್ರಶ್ನೆಗೆ ಬಂದು ನಿಂತಿದೆ. ಇಂಡಕ್ಷನ್ ಒಲೆ ಅಯಸ್ಕಾಂತ ಹಿಡಿಯುವ ತಳವನ್ನು ಮಾತ್ರ ಗುರುತಿಸುತ್ತದೆ. ತವರವಿಟ್ಟರೆ ಒಲೆ ಹೊತ್ತಿಕೊಳ್ಳುವುದೇ ಇಲ್ಲ. ಕೆಂಪಗೆ ಕಾಯುವ ಕರೆಂಟಿನ ಸುರುಳಿ ಒಲೆಯ ಮೇಲಿಟ್ಟರೆ ಉರಿ ತಗ್ಗಿಸಿದರೂ ಬಿಸಿ ಬೇಗ ಇಳಿಯದು, ಮೈಮರೆತರೆ ಮುದ್ದೆಯೇ ಗತಿ. ಅಲ್ಲಿಯ ಹಲವರು ಕಂಡುಕೊಂಡಿರುವ ಉಪಾಯವೆಂದರೆ ಸಾರನ್ನು ಸ್ಟೀಲಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಚೊಂಬಿಗೆ ಬಗ್ಗಿಸಿಕೊಳ್ಳುವುದು. ಶಾಸ್ತ್ರವೂ ಆಯಿತು, ಚೊಂಬೂ ಉಳಿಯಿತು. ಚಳಿಯದ್ದೂ ಒಂದು ತಮಾಷೆಯಿದೆ. 13 ಡಿಗ್ರಿಗಿಂತ ಕೆಳಗೆ ಶುದ್ಧ ತವರ ತನ್ನ ರೂಪ ಬದಲಿಸಿ ಬೂದುಪುಡಿಯಾಗಬಲ್ಲದು. ನಡೆಯುವುದು ಬಲು ನಿಧಾನ, ಕೊರೆಯುವ ಚಳಿಯಲ್ಲಿ ಬಹುಕಾಲ ಬಿದ್ದಿದ್ದರೆ ಮಾತ್ರ. ಅಡುಗೆಮನೆಯಲ್ಲಿ ಭಯವಿಲ್ಲ, ಹಿಮ ಬೀಳುವ ಊರಿನ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಮರೆತುಬಿಡದಿದ್ದರೆ ಸಾಕು.

ಚಳಿಗಿಂತ ದೊಡ್ಡ ಭಯ ಚೊಂಬಿನೊಳಗೇ ಇರಬಹುದು, ಅದು ಸೀಸ. ತವರದ ಬೆಲೆ ಸೀಸದ ಹತ್ತು ಪಟ್ಟಿಗೂ ಹೆಚ್ಚು. ಎರಡೂ ಮೆದು, ಎರಡೂ ಬೇಗ ಕರಗುತ್ತವೆ, ಸಲೀಸಾಗಿ ಬೆರೆಯುತ್ತವೆ. ಕಲಬೆರಕೆ ಮಾಡುವವನಿಗೆ ಇದಕ್ಕಿಂತ ಬೇರೆ ಏನು ಬೇಕು? ಈಯಚೊಂಬಿಗೆ ಮತ್ತೆ ಗಿರಾಕಿ ಬಂದು, ಆನ್‌ಲೈನಿನಲ್ಲೂ ಮಾರಾಟವಾಗುತ್ತಿರುವ ಈ ಕಾಲದಲ್ಲಿ ಹೊಸದರ ಬಗ್ಗೆ ಎಚ್ಚರ ಬೇಕು. ಹಳೆಯದೆಂಬ ಮಾತ್ರಕ್ಕೆ ನೆಮ್ಮದಿಯೂ ಬೇಡ. ತಳದ ತೂತಿಗೆ ಹಾಕಿಸಿದ ಬೆಸುಗೆ ಇತ್ತಲ್ಲ, ರಿಪೇರಿಯವರು ಬಳಸುತ್ತಿದ್ದ ಬೆಸುಗೆ ಸಾಮಾನ್ಯವಾಗಿ ತವರ ಮತ್ತು ಸೀಸದ ಮಿಶ್ರಣ. ಅದರ ಮೇಲೆ ಕುದಿಯುವುದು ಹುಣಸೆ ಹುಳಿ. ಸೀಸವನ್ನು ಆಹಾರಕ್ಕೆ ಇಳಿಸಲು ಹುಳಿಯಷ್ಟು ಅನುಕೂಲವಾದದ್ದು ಅಡುಗೆಮನೆಯಲ್ಲಿ ಬೇರೆ ಇಲ್ಲ. ಸೀಸಕ್ಕೆ ಇಷ್ಟಾದರೆ ಪರವಾಗಿಲ್ಲ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ಸರಿಪಡಿಸಲಾಗದ್ದು.

ಮನೆಯಲ್ಲೇ ಒರಟು ಪರೀಕ್ಷೆಯೊಂದನ್ನು ಮಾಡಬಹುದು. ತವರ ನೀರಿನ 7.3 ಪಟ್ಟು ಭಾರ, ಸೀಸ 11.3 ಪಟ್ಟು. ಚೊಂಬನ್ನು ತೂಗಿ, ಅಂಚಿನ ತನಕ ನೀರು ತುಂಬಿದ ಪಾತ್ರೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ಪೂರ್ತಿ ಮುಳುಗಿಸಿ, ಚೆಲ್ಲಿದ ನೀರನ್ನು ಅಳೆಯಿರಿ. ಚೊಂಬು 730 ಗ್ರಾಂ ಇದ್ದರೆ, ಅಚ್ಚ ತವರವಾದರೆ ಚೆಲ್ಲಬೇಕಾದದ್ದು 100 ಮಿಲಿಲೀಟರ್. 86 ಮಾತ್ರ ಚೆಲ್ಲಿದರೆ ನಿಮ್ಮ ಕೈಯಲ್ಲಿರುವುದು ಹೆಚ್ಚುಕಡಿಮೆ ಬೆಸುಗೆಯ ಕಡ್ಡಿಯೇ. ಈ ಪರೀಕ್ಷೆ ದೊಡ್ಡ ಮೋಸವನ್ನು ಹಿಡಿಯುತ್ತದೆ, ನೂರಕ್ಕೆ ಎರಡು ಪಾಲು ಸೀಸವಿದ್ದರೆ ಹಿಡಿಯುವುದಿಲ್ಲ; ಆ ಎರಡು ಪಾಲೂ ಕೆಟ್ಟದ್ದೇ. ನಿಖರವಾಗಿ ತಿಳಿಯಬೇಕಾದರೆ ಚಿನ್ನಕ್ಕೆ ಹಾಲ್‌ಮಾರ್ಕ್ ಹಾಕುವ ಕೇಂದ್ರಗಳಲ್ಲಿ ಎಕ್ಸ್‌ಆರ್‌ಎಫ್ ಎಂಬ ಯಂತ್ರವಿರುತ್ತದೆ. ಪಾತ್ರೆಗೆ ಗಾಯ ಮಾಡದೆ ನಿಮಿಷದೊಳಗೆ ಲೋಹಗಳ ಪ್ರಮಾಣ ತೋರಿಸುತ್ತದೆ. ತವರ, ಸೀಸ ಎರಡನ್ನೂ ಅವರ ಯಂತ್ರ ಓದುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಅಂಚು, ಹೊಟ್ಟೆಯ ಒಳಮೈ, ಬೆಸುಗೆಯ ಗಂಟು, ಮೂರು ಕಡೆಯೂ ತೋರಿಸಿ. ಯಂತ್ರ ನೋಡುವುದು ಮುಟ್ಟಿದ ಜಾಗದ ಮೇಲ್ಮೈಯನ್ನು ಮಾತ್ರ.

ಪರೀಕ್ಷೆಯಲ್ಲಿ ಸರಿಯೆಂದು ಬಂದರೆ ಷೋಕೇಸಿನಲ್ಲಿ ಕೂರಿಸಬೇಡಿ; ದಿನವಲ್ಲದಿದ್ದರೆ ಹಬ್ಬಕ್ಕಾದರೂ ಒಲೆಗೆ ಏರಲಿ, ಮಗಳೂ ಮಗನೂ ಪಕ್ಕದಲ್ಲಿ ನಿಂತು ಕಲಿಯಲಿ. ಚೊಂಬು ಯಾವ ಊರಿನಿಂದ ಯಾವ ಊರಿಗೆ, ಯಾರಿಂದ ಯಾರಿಗೆ ಬಂತೆಂದು ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಸೀಸ ಕಂಡುಬಂದರೆ ಆ ಬರಹ ಸಾಕು. ಅದು ಎಷ್ಟೇ ತಲೆಮಾರಿನ ಚೊಂಬಾಗಿರಲಿ, ಅದರಲ್ಲಿ ಸಾರು ಕುದಿಸಬೇಡಿ. ಮಕ್ಕಳು, ಬಸುರಿಯರು ಇರುವ ಮನೆಯಲ್ಲಂತೂ ಒಂದು ದಿನವೂ ಬೇಡ.